ಎರಡನೇ ಜಮಾತಿನ ಉರ್ದು

1953ರ ಸಂಕ್ರಾಂತಿಯ ಹೊತ್ತಿಗೆ ನಾನು ಲಿಂಗಸುಗೂರು ತಾಲೂಕಿನ ಕೃಷ್ಣಾ ತೀರದಲ್ಲಿ ಹರಿಗೋಲು ನಡೆಸುತ್ತಿದ್ದೆ. ತಮ್ಮ ದುರಗಪ್ಪ ಜೊತೆಗಿದ್ದ. ನನಗೆ ಇಪ್ಪತ್ನಾಲ್ಕು, ಅವನಿಗೆ ಹತ್ತೊಂಬತ್ತು. ನಿಜಾಮರ ಕಾಲದ ಶಾಲೆಯಲ್ಲಿ ನಾನು ಎರಡನೇ ಜಮಾತಿನವರೆಗೆ, ಅಂದರೆ ಎರಡನೇ ತರಗತಿಯವರೆಗೆ, ಉರ್ದು ಓದಿದ್ದೆ. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ.

ಹೈದರಾಬಾದಿನಿಂದ ಒಬ್ಬ ಸಾಹೇಬರು ರಜೆ ಕಳೆಯಲು ಬಂದರು. ನದಿಯ ನಡುಗಡ್ಡೆ ಸುತ್ತಬೇಕು, ಹಕ್ಕಿ, ನೀರುನಾಯಿಗಳ ಫೋಟೊ ತೆಗೆಯಬೇಕು ಎಂಬುದು ಅವರ ಆಸೆ. ಕನ್ನಡ ಬಾರದು. ಉರ್ದು ಬಲ್ಲ ಅಂಬಿಗ ಬೇಕೆಂದಾಗ ನಾನು ಮುಂದೆ ಬಂದು, "ಜೀ ಸಾಬ್, ಸಬ್ ಆತಾ" ಎಂದೆ.

ದುರಗ ಕಿವಿಯ ಹತ್ತಿರ ಬಂದು ನಕ್ಕ. "ಎಲ್ಲಾ ಬರ್ತೈತೇನಣ್ಣ ನಿನಗ? ಮಾಸ್ತರ ಬಡಿದಿದ್ದಷ್ಟ ನೆಪ್ಪೈತಿ ಅಂತಿದ್ದಿ."

"ನೀ ಸುಮ್ಮನಿರಲೇ" ಎಂದೆ.

ಎರಡು ದಿನ ಚೆನ್ನಾಗಿಯೇ ನಡೆಯಿತು. ಹಾಳು ಕೋಟೆಗೋಡೆ, ನೀರು ಕವಲೊಡೆದು ಧುಮುಕುವ ಬಂಡೆಗಳು, ಎಲ್ಲವನ್ನೂ ತೋರಿಸಿದೆವು. ಗೊತ್ತಾಗದ ಮಾತಿಗೆ ನಾನು ತಲೆಯಾಡಿಸುತ್ತಿದ್ದೆ.

ಮೂರನೆಯ ಬೆಳಿಗ್ಗೆ ಸಾಹೇಬರು ನಡುಗಡ್ಡೆಯ ಬಂಡೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ಕರಿಬಟ್ಟೆಯೊಳಗೆ ತಲೆ ತೂರಿಸಿದರು. ಎದುರಿನ ಮರಳುದಿಬ್ಬದಲ್ಲಿ ಬೆಳ್ಳಕ್ಕಿಗಳಿದ್ದವು. ಬಂಡೆಯ ಬುಡದಲ್ಲಿ ದುರಗ ನಮ್ಮ ಕಡೆ ಮುಖಮಾಡಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಹರಿಗೋಲು ಚಿತ್ರಕ್ಕೆ ಅಡ್ಡ ತೇಲದಂತೆ ಹಿಡಿದಿದ್ದ. ನೀರಿಗಿಳಿಯುವ ಮುನ್ನ ಹುಟ್ಟಿನಿಂದ ನೀರು ಬಡಿಯುವುದು, ಒಬ್ಬ ಇಳಿದರೆ ಇನ್ನೊಬ್ಬ ಹೊಳೆಯ ಮೇಲೆ ಕಣ್ಣಿಡುವುದು ನಮ್ಮ ಪದ್ಧತಿ. ಹಕ್ಕಿ ಹಾರೀತೆಂದು ಸಾಹೇಬರು ಸನ್ನೆ ಮಾಡಿದ್ದರಿಂದ ಬಡಿದಿರಲಿಲ್ಲ. ನನ್ನ ಕಣ್ಣು ಹೊಳೆಯ ಮೇಲಿರಲಿಲ್ಲ, ಕರಿಬಟ್ಟೆಯ ಮೇಲಿತ್ತು.

"ಸಾಹೇಬ್ರಿಗೆ ಚಳಿ ಹತ್ತೈತೇನು, ಹೊದ್ಕೊಂಡಾರಲ್ಲ" ಎಂದ ದುರಗ.

ಬಟ್ಟೆಯೊಳಗಿಂದ ತಗ್ಗಿದ ದನಿಯಲ್ಲಿ "ಮಗರ್" ಎಂಬ ಮಾತು ಬಂತು.

"ಏನಂತಾರಣ್ಣ? ಮ್ಯಾಲೆ ಬರ್ಲೇನು?"

ನನ್ನ ಉರ್ದು ಪುಸ್ತಕದಲ್ಲಿ ಮಗರ್ ಎಂದರೆ ಆದರೆ. "'ಆದರೆ' ಅಂತಾರ. ಮುಂದಿನ ಮಾತು ಇನ್ನೂ ಬಂದಿಲ್ಲ. ಅಲ್ಲೇ ನಿಂದ್ರು" ಎಂದೆ.

ಅವನು ನಿಂತ. ಮುಂದಿನ ಮಾತು ಬರಲಿಲ್ಲ. ಸಾಹೇಬರು ಬಟ್ಟೆ ಕಿತ್ತೆಸೆದು ಅದೇ ಮಾತನ್ನು ಕೂಗುತ್ತ ಕೈ ಬೀಸುವಷ್ಟರಲ್ಲಿ ಮೊಸಳೆ ದುರಗನ ಎಡಗಾಲು ಹಿಡಿದಿತ್ತು. ಮೊಸಳೆಗೂ ಅವರು ಮಗರ್ ಎನ್ನುತ್ತಾರೆಂದು ನನಗೆ ತಿಳಿದದ್ದು ಆಗ.

ಹುಟ್ಟಿನಿಂದ ಬಡಿದು, ಸಾಹೇಬರೂ ನಾನೂ ಸೇರಿ ಬಿಡಿಸಿಕೊಂಡೆವು. ಅವರ ಜೀಪಿನಲ್ಲೇ ಲಿಂಗಸುಗೂರಿನ ದವಾಖಾನೆಗೆ ಒಯ್ದೆವು. ಜೀವ ಉಳಿಯಿತು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು.

ಅವ್ವ ಕೇಳಿದಾಗ, "ಸಾಹೇಬ್ರು ನೋಡಿದ್ರೂ ಹೇಳಲಿಲ್ಲವ್ವ" ಎಂದೆ. ಹಾಸಿಗೆಯಲ್ಲಿದ್ದ ದುರಗ ನನ್ನನ್ನು ನೋಡಿದ.

1956ರಲ್ಲಿ ಒಂದು ದಿನ ಅವನು ದಡದಲ್ಲಿ ಕೂತು ಹರಿಗೋಲಿಗೆ ಬಿದಿರು ಹೆಣೆಯುತ್ತಿದ್ದ. ಪಕ್ಕದಲ್ಲಿ ಕೂತು ಹೇಳಿದೆ: "ದುರಗ, ಅವತ್ತ ನನಗ ಉರ್ದು ತಿಳಿಲಿಲ್ಲೋ."

ಅವನು ಹೆಣೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ. ತಿಳಿಲಿಲ್ಲ ಅಂದಿದ್ರ ಮ್ಯಾಲೆ ಬರ್ತಿದ್ದೆ. ನೀ ನಿಂದ್ರು ಅಂದಿ."

ಆಮೇಲೂ ಬಹಳ ವರ್ಷ ಹರಿಗೋಲು ನಡೆಸಿದೆ. ಯಾರ ಮಾತು ತಿಳಿಯದಿದ್ದರೂ ಮೊದಲು ನೀರಿನಲ್ಲಿದ್ದವರನ್ನು ಮೇಲೆ ಹತ್ತಿಸಿ, ನಂತರ ತಿಳಿಯಲಿಲ್ಲ ಎಂದು ಹೇಳುತ್ತಿದ್ದೆ. ಉದ್ಯೋಗ ಕಲಿಸಿದ್ದು ಇಷ್ಟು. ಮನೆಯಲ್ಲಿ ಅಷ್ಟನ್ನೂ ಹೇಳಲಾಗಲಿಲ್ಲ. ಅವ್ವ ಸಾಯುವವರೆಗೂ ಆ ಸಾಹೇಬರನ್ನು ಬೈದಳು. ನಾನು ಪಕ್ಕದಲ್ಲೇ ಕೂತು ಕೇಳಿದೆ.