ಬಿದ್ದ ತಕ್ಷಣ ಎತ್ತಬಾರದು

ಮಂಗಳಾಳ ಅಪ್ಪ ಬೋರಯ್ಯ ಬಿಳಿಗೆರೆ ಸುತ್ತಲಿನ ತೋಟಗಳಲ್ಲಿ ತೆಂಗಿನಕಾಯಿ ಕೀಳುತ್ತಿದ್ದವರು. ಒಂದು ಸಲ ಮರದಿಂದ ಬಿದ್ದರು. ಬಿದ್ದ ಪೆಟ್ಟು ಹೇಗೋ ವಾಸಿಯಾಗುತ್ತಿತ್ತೇನೋ, ಆದರೆ ಸೇರಿದ ಜನ ಎಲ್ಲಿ ನೋವು ಎಂದು ಒಂದು ಮಾತು ಕೇಳದೆ ಕೈಕಾಲು ಹಿಡಿದೆತ್ತಿ ಆಟೋಗೆ ತುಂಬಿದರು. ಸೊಂಟ ಕೆಟ್ಟದ್ದು ಅದರಿಂದ. ಈಗ ಕುಂಟುತ್ತಲೇ ಗಟ್ಟಿಮುಟ್ಟಾಗಿದ್ದಾರೆ, ತುರುವೇಕೆರೆಯಲ್ಲಿ ಮಗಳ ಕಂಪ್ಯೂಟರ್ ಅಂಗಡಿ ಮುಂದೆ ಕೂತು ಹೋಗಿಬರುವವರನ್ನೆಲ್ಲ ಮಾತಿಗೆಳೆಯುತ್ತಾರೆ. "ಬಿದ್ದೋನ್ನ ತಕ್ಷಣ ಎತ್ಬಾರ್ದು ಕಣ್ರಪ್ಪಾ, ಮೊದ್ಲು ಏನಾಗೈತೆ ಅಂತ ನೋಡ್ಬೇಕು" ಎನ್ನುವುದು ಅವರ ದಿನನಿತ್ಯದ ಉಪದೇಶ. ಕಂಪ್ಯೂಟರ್ ರಿಪೇರಿಯಲ್ಲಿ ಇದಕ್ಕಿಂತ ದೊಡ್ಡ ಪಾಠವನ್ನು ಮಂಗಳಾ ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ.

ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಬದುಕಿಸಿಕೊಡುವುದರಲ್ಲಿ ಅವಳದು ಎತ್ತಿದ ಕೈ. ಮಂಗಳಾ ಮುಟ್ಟಿದರೆ ಸತ್ತ ಯಂತ್ರವೂ ಎದ್ದು ಕೂರುತ್ತದೆ ಎಂದು ಹೊಗಳುವವರುಂಟು. ಹೊಗಳಿಕೆ ಅವಳಿಗೂ ಇಷ್ಟವೇ. ಯಾರಿಗೆ ಇಷ್ಟವಿಲ್ಲ?

ಹಾಗೆ ಎದ್ದು ಕೂತ ಯಂತ್ರಗಳಲ್ಲೊಂದು ಮಾಯಸಂದ್ರದಾಚೆಯ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿತ್ತು. ಅದರ ಮುಂದೆ ಕೂರುವವರು ಹನುಮಂತಯ್ಯ. ಐವತ್ತೆಂಟು ವರ್ಷ. ಮೂವತ್ತು ವರ್ಷ ಹಾಲು ಅಳೆದು, ಜಿಡ್ಡು ನೋಡಿ, ಪುಸ್ತಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡಿದ್ದ ಮನುಷ್ಯ. ಕಂಪ್ಯೂಟರ್ ಬಂದಾಗ ಹೆದರಿ ಮೂಲೆ ಸೇರಿದ್ದರು. ಮಂಗಳಾ ಎರಡು ತಿಂಗಳು ಪಕ್ಕದಲ್ಲಿ ಕೂತು ಕಲಿಸಿದಳು. ಇಂಗ್ಲಿಷ್ ಬಾರದಿದ್ದರೂ ಎಲ್ಲಿ ಒತ್ತಿದರೆ ಹಾಲಿನ ಲೆಕ್ಕದ ಚೀಟಿ ಬರುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಾಯಿತು. ಮೊದಲ ಚೀಟಿ ಬಂದ ದಿನ ಅದನ್ನು ಮನೆಗೊಯ್ದು ಹೆಂಡತಿಗೆ ತೋರಿಸಿದರಂತೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಯಂತ್ರ ಬೀಳತೊಡಗಿತು. ಕಂಪ್ಯೂಟರಿನ ಒಳಗೆ ಎಲ್ಲರಿಗೂ ಕೆಲಸ ಹಂಚಿಕೊಡುವ ಯಜಮಾನನಂಥ ಭಾಗವೊಂದಿದೆ, ಅದಕ್ಕೆ ಕರ್ನಲ್ ಎನ್ನುತ್ತಾರೆ. ಯಜಮಾನನೇ ಎಚ್ಚರ ತಪ್ಪಿದರೆ ಮನೆಯೇ ನಿಂತುಹೋಗುತ್ತದೆ. ಹಾಲು ಹಾಕುವವರು ಸಾಲುಗಟ್ಟಿ ನಿಂತಿರುವಾಗಲೇ ಪರದೆ ಕಪ್ಪಾಗಿ, ಬಿಳಿ ಅಕ್ಷರಗಳು ತುಂಬಿಕೊಂಡು, ಎಲ್ಲ ಸ್ತಬ್ಧವಾಗುತ್ತಿತ್ತು. ಸಾಲಿನಲ್ಲಿದ್ದವರಲ್ಲಿ ಯಾರಾದರೊಬ್ಬರು ಸ್ವಿಚ್ ಆರಿಸಿ ಹಾಕುತ್ತಿದ್ದರು. ಅಕ್ಷರಗಳೂ ಅವು ಹೇಳಬೇಕೆಂದಿದ್ದ ಕಾರಣವೂ ಒಟ್ಟಿಗೇ ಅಳಿಸಿಹೋಗುತ್ತಿದ್ದವು.

ಡೈರಿಯ ಅಧ್ಯಕ್ಷ ಪರಮಶಿವಯ್ಯನವರು ಮಂಗಳಾಳನ್ನು ಕರೆಸಿದರು. "ಸೋಮವಾರದ ಗಂಟ ನೋಡ್ತೀನಿ ಕಣವ್ವ. ಆಮೇಲೂ ಹಿಂಗೇ ಆದ್ರೆ ಹೊಸ ಕಂಪ್ಯೂಟರೂ ತರ್ತೀವಿ, ಅದನ್ನ ನಡ್ಸೋಕೆ ಓದಿರೋರ್ನೂ ತರ್ತೀವಿ."

ಹನುಮಂತಯ್ಯ ಅಲ್ಲೇ ಹಾಲಿನ ಕ್ಯಾನು ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ. ಮಂಗಳಾ ಯಂತ್ರದ ತಂತಿಗಳನ್ನು ಕಳಚತೊಡಗಿದಳು. ಅವರ ಕೈಯಿಂದ ಪುಸ್ತಕ ಬಿಡಿಸಿ ಯಂತ್ರದ ಮುಂದೆ ಕೂರಿಸಿದವಳು ತಾನೇ, ಈಗ ಆ ಕುರ್ಚಿಯೂ ಹೋಗುವಂತಾಗಿದೆ.

ಯಂತ್ರವನ್ನು ಅಂಗಡಿಗೆ ತಂದಳು. ಪಕ್ಕದ ಮುಚ್ಚಳ ಬಿಚ್ಚಿಟ್ಟು, ಮೆಮೊರಿ ಬದಲಿಸಿ, ಕರ್ನಲ್ಲಿನ ಹಳೆಯ ಆವೃತ್ತಿ ಹಾಕಿ, ಎರಡು ದಿನ ಬಿಡದೆ ಓಡಿಸಿದಳು. ಒಂದು ಸಲವೂ ಬೀಳಲಿಲ್ಲ. "ಅತ್ತೆ ಮನೇಲಿ ಜ್ವರ, ತವರಿಗೆ ಬಂದ್ರೆ ಗುಣ" ಎಂದು ಬೋರಯ್ಯ ನಕ್ಕರು. ಮುಚ್ಚಳ ಹಾಕಿ ಡೈರಿಗೆ ಒಯ್ದು ಇಟ್ಟ ಮರುದಿನವೇ ಮತ್ತೆ ಬಿತ್ತು. ಒಳಗಿನ ದಾಖಲೆ ಹುಡುಕಿದರೆ ಕೊನೆಯ ಕ್ಷಣದ್ದು ಒಂದು ಸಾಲೂ ಇಲ್ಲ. ಅಷ್ಟು ದಿಢೀರನೆ ಬೀಳುವ ಯಂತ್ರಕ್ಕೆ ಬರೆದಿಡಲು ಪುರಸೊತ್ತೆಲ್ಲಿ? ಹೇಳುವುದನ್ನೆಲ್ಲ ಅದು ಪರದೆಯ ಮೇಲೆ ಮಾತ್ರ ಹೇಳಿ ಸುಮ್ಮನಾಗುತ್ತಿತ್ತು.

"ದೊಡ್ಡಪ್ಪ, ಇನ್ನೊಂದ್ಸಲ ಬಿದ್ರೆ ಯಾರಿಗೂ ಮುಟ್ಟೋಕೆ ಬುಡ್ಬೇಡಿ" ಎಂದಳು ಮಂಗಳಾ, ಹನುಮಂತಯ್ಯನವರಿಗೆ. "ಪರದೆ ಫೋಟೋ ತೆಗೀರಿ."

"ನನ್ ಫೋನ್ನಾಗೆ ಫೋಟೋ ಬರಲ್ಲ ಕಣವ್ವ."

ಇನ್ನೊಬ್ಬರ ಫೋನು ಕೇಳುವ ಜಾಯಮಾನ ಅವರದಲ್ಲ ಎಂದು ಮಂಗಳಾಗೆ ಗೊತ್ತು. "ಹಂಗಾದ್ರೆ ಬರ್ಕೊಳಿ. ಓದೋದು ಬ್ಯಾಡ, ಹೆಂಗೈತೋ ಹಂಗೆ."

ಭಾನುವಾರ ಬೆಳಿಗ್ಗೆ ಬಿತ್ತು. ಸಾಲಿನ ಮುಂದಿದ್ದ ಅಂಕಮ್ಮ ಸ್ವಿಚ್ಚಿಗೆ ಕೈ ಹಾಕಿದರೆ ಹನುಮಂತಯ್ಯ ಎರಡೂ ಕೈ ಚಾಚಿ ಅಡ್ಡ ನಿಂತರು. "ಯಾರೂ ಮುಟ್ಬೇಡ್ರಿ! ಚೀಟಿ ಆಮೇಕೆ!" "ಇವ್ರಿಗೇನ್ ಬಂತಪ್ಪ" ಎಂದು ಅಂಕಮ್ಮ ಗೊಣಗಿಕೊಂಡು ಹಾಲು ಸುರಿದು ಹೋದಳು. ಕೊನೆಯ ಕ್ಯಾನು ಖಾಲಿಯಾದ ಮೇಲೆ ಹನುಮಂತಯ್ಯ ಹಳೆಯ ಹಾಲಿನ ಪುಸ್ತಕ ತೆಗೆದು ಕೂತರು. ರಂಗೋಲಿಯ ಎಳೆ ನೋಡಿ ನೋಡಿ ಎಳೆಯುವ ಹಾಗೆ ಒಂದೊಂದೇ ಅಕ್ಷರ ಇಳಿಸಿದರು. ಎರಡು ಪುಟ ತುಂಬಿತು. ಒಂದು ಚುಕ್ಕಿಯನ್ನೂ ಬಿಡಲಿಲ್ಲ.

ಮಂಗಳಾ ಸ್ಕೂಟರಿನಲ್ಲಿ ಬಂದು ಪುಸ್ತಕ ಓದಿದಳು. ಮೊದಲ ಪುಟದ ನಡುವೆ ಬೆರಳು ನಿಂತಿತು. ಯಂತ್ರದ ಬಿಸಿ ಮಿತಿ ಮೀರಿದೆ ಎಂಬ ಎಚ್ಚರಿಕೆ ಅಲ್ಲಿ ಮೂರು ಸಲ ಇತ್ತು. ಅಂಗಡಿಯಲ್ಲೇಕೆ ಬೀಳಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಮುಚ್ಚಳ ತೆಗೆದಿಟ್ಟು ತಾನೇ ಗಾಳಿ ಕೊಟ್ಟಿದ್ದಳಲ್ಲ! ಹಣೆ ಚಚ್ಚಿಕೊಂಡಳು. ಪರಮಶಿವಯ್ಯನವರೂ ಅಷ್ಟರಲ್ಲಿ ಬಂದರು. ಯಂತ್ರವನ್ನು ಮಲಗಿಸಿ, ಮುಂಭಾಗದಲ್ಲಿ ಕೆಳಗಡೆ ಗಾಳಿ ಎಳೆಯುವ ಬಾಯಿಗೆ ಬೆರಳು ಹಾಕಿದಳು. ಹಿಡಿ ತುಂಬ ತೆಂಗಿನ ನಾರು ಬಂತು. ಇನ್ನೊಂದು ಹಿಡಿ ಬಂತು. ಬಿಡಿಸಿ, ಒತ್ತಿ, ಒಪ್ಪವಾಗಿ ತುಂಬಿದ ನಾರು.

ಈ ಸೀಮೆಯಲ್ಲಿ ತೂತು ಕಂಡರೆ ಕೈ ತಾನಾಗಿ ನಾರಿಗೆ ಹೋಗುತ್ತದೆ. ಇಲಿಬಿಲಕ್ಕೂ ಅದೇ, ಸೋರುವ ನಲ್ಲಿಗೂ ಅದೇ.

"ಯಾರು ತುರುಕಿದ್ದು ಇದನ್ನ?" ಎಂದರು ಪರಮಶಿವಯ್ಯ.

ಮಂಗಳಾ ಹನುಮಂತಯ್ಯನವರ ಮುಖ ನೋಡಿದಳು. ಇಲಿ ಗೂಡು ಕಟ್ಟಿದೆ ಎಂದುಬಿಡೋಣವೆಂದು ಬಾಯಿ ತೆರೆದಳು.

"ನಾನೇ ಕಣ್ರೀ" ಎಂದರು ಹನುಮಂತಯ್ಯ. "ಹಲ್ಲಿ ಒಳಕ್ಕೆ ಹೋಗ್ತಿತ್ತು. ಜ್ವಾಪಾನ ನೋಡ್ಕೊಳಿ ಅಂದಿತ್ತು ಈ ಮಗ. ಅದಕ್ಕೇ…"

ಮಂಗಳಾ ಹಾಲಿನ ಪುಸ್ತಕವನ್ನು ಅಧ್ಯಕ್ಷರ ಕೈಗಿಟ್ಟಳು. "ಇದನ್ನ ಬರ್ದಿರೋರೂ ಇವ್ರೇ. ನಾನು ವಾರ ಒದ್ದಾಡಿದ್ರೂ ಸಿಗ್ದೇ ಇದ್ದಿದ್ದು ಇದ್ರಲ್ಲಿ ಸಿಕ್ತು. ಓದಿರೋರು ಬಂದಿದ್ರೆ ಸ್ವಿಚ್ ಆರಿಸ್ತಿದ್ರು, ಅಷ್ಟೇ."

ಪರಮಶಿವಯ್ಯನವರು ಪುಟ ತಿರುವಿದರು. ಇಂಗ್ಲಿಷಿನ ಸೊಟ್ಟ ಅಕ್ಷರಗಳ ಎರಡು ಪುಟ, ಅವುಗಳ ಹಿಂದೆ ಮೂವತ್ತು ವರ್ಷ ಪಳಗಿದ ಕೈಯ ಮುತ್ತಿನಂಥ ಕನ್ನಡ. "ಹಲ್ಲಿ ಹೋಗ್ದಂಗೆ ಅಲ್ಲಿಗೊಂದು ಜರಡಿ ಬಡ್ಸವ್ವ, ಸಣ್ಣ ಕಣ್ಣಿಂದು" ಎಂದವರು ಹನುಮಂತಯ್ಯನವರ ಕಡೆ ತಿರುಗಿ, "ಸಾಯಂಕಾಲ ಹೊತ್ತಿಗೆ ಸರಿಯಾಗಿ ಬಂದು ಕೂತ್ಕೊಳಪ್ಪ, ಚೀಟಿಗೆ ಜನ ಕಾಯ್ತಾರೆ" ಎಂದು ಹೊರಟರು.

ಯುಗಾದಿ ಮುಗಿದ ಮೇಲೊಂದು ದಿನ ಮಂಗಳಾ ಆ ಕಡೆ ಹೋದಾಗ ಪುಸ್ತಕ ಮೇಜಿನ ಮೇಲೇ ಇತ್ತು. ತೆರೆದು ನೋಡಿದಳು. ದಿನಕ್ಕೊಂದು ಸಾಲು, ತಾರೀಕು ಹಾಕಿ, ಅದೇ ಮುತ್ತಿನಂಥ ಕನ್ನಡದಲ್ಲಿ: ಇವತ್ತು ಬೀಳಲಿಲ್ಲ. ಇವತ್ತು ಬೀಳಲಿಲ್ಲ. ಇವತ್ತೂ ಬೀಳಲಿಲ್ಲ.

"ಬೀಳ್ದೇ ಇದ್ದಿದ್ದನ್ನ ಯಾಕೆ ಬರೀತೀರಿ ದೊಡ್ಡಪ್ಪ?"

ಹನುಮಂತಯ್ಯ ಅಂಕಮ್ಮನ ಚೀಟಿ ಹರಿದುಕೊಡುತ್ತಾ ಹೇಳಿದರು: "ಬಿದ್ದಿದ್ದು ಬರ್ದಿದ್ಕೇ ಅಲ್ವಾ ಮಗ, ನಾನು ಇಲ್ಲಿ ಕೂತಿರೋದು. ಬೀಳ್ದೆ ನಿಂತಿರೋದನ್ನೂ ಬರೀಬೇಕಲ್ವಾ?"