ಯಲ್ಲವ್ವ ಹಾಕಿದ ಗಂಟು

ಬಿಸಿಲಿಗೆ ಒಣಗಿದ ಹಳೆಯ ಹತ್ತಿಬಟ್ಟೆಯ ವಾಸನೆ ಮೂಗಿಗೆ ಬಂದರೆ ಸಾಕು, ಕಾಪುವಿನ ನಮ್ಮ ಹಿತ್ತಿಲು ಕಣ್ಣ ಮುಂದೆ ನಿಲ್ಲುತ್ತದೆ. ಹೆದ್ದಾರಿ ಅಗಲವಾದಾಗ ಆ ಮನೆ ಹೋಯಿತು. ನನಗೆ ಒಂಬತ್ತು ವರ್ಷವಿದ್ದಾಗ ಹಿತ್ತಿಲ ಹಗ್ಗದ ತುಂಬ ತಮ್ಮ ಅನೀಸನ ಲಂಗೋಟಿಗಳು. ಎಲ್ಲವೂ ತಂದೆಯ ಹಳೆಯ ಲುಂಗಿ ಹರಿದು ಮಾಡಿದವು. ತಂದೆ ದುಡಿಯಲು ಗಲ್ಫಿನ ದಮ್ಮಾಮಿನಲ್ಲಿದ್ದರು. ಹೆರಿಗೆಯಾದ ವಾರಕ್ಕೇ ಉಮ್ಮ ಜ್ವರ ಹಿಡಿದು ಮಲಗಿದ್ದರಿಂದ ಮಗುವಿನ ಬಟ್ಟೆ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನವೇ ಪಿನ್ನು ಜಾರಿ ಅವನ ತೊಡೆಗೆ ಚುಚ್ಚಿತು. ಸಾಸಿವೆಯಷ್ಟು ರಕ್ತ. ಅವನ ಚೀರಾಟಕ್ಕಿಂತ, ಒಳಗಿನಿಂದ "ಎಂತ ಆಯಿತು?" ಎಂದ ಉಮ್ಮನ ಸೋತ ದನಿಗೆ ನಾನು ಹೆಚ್ಚು ಹೆದರಿದೆ. ಅಷ್ಟರಲ್ಲಿ ಹಿತ್ತಿಲ ಬಾಗಿಲಿಗೆ ಯಲ್ಲವ್ವ ಬಂದಳು. ಪಕ್ಕದಲ್ಲಿ ಏಳುತ್ತಿದ್ದ ಮನೆಗೆ ಕಲ್ಲು ಹೊರಲು ಬಿಜಾಪುರದ ಕಡೆಯಿಂದ ಬಂದವಳು, ನೀರಿಗೆ ನಮ್ಮ ಬಾವಿಯೇ ಗತಿ. ಸೊಂಟದಲ್ಲಿದ್ದ ತನ್ನ ಹೆಣ್ಣುಕೂಸನ್ನು ನೆಲಕ್ಕಿಳಿಸಿ, ಪಿನ್ನನ್ನು ತೆಗೆದು ಕಿಟಕಿಯಲ್ಲಿಟ್ಟಳು. ಬಟ್ಟೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿ, ಒಂದು ತುದಿಯನ್ನು ಕಾಲುಗಳ ನಡುವಿನಿಂದ ತಂದು, ಉಳಿದೆರಡನ್ನು ಅದರ ಮೇಲೆ ಗಂಟು ಹಾಕಿದಳು. "ಗಂಟಿನ ಕೆಳಗ ನಿನ್ನ ಎರಡು ಬೆರಳು ಹೋಗಬೇಕು ನೋಡವ್ವಾ. ಇಲ್ಲಂದ್ರ ಕೂಸಿನ ಹೊಟ್ಟಿ ನೋಯ್ತದ." ಸಿಮೆಂಟಿಗೆ ಬಿರಿದ ಆ ಬೆರಳುಗಳ ಕೆಳಗೆ ಅನೀಸ ಸುಮ್ಮನಾದ.

ಆಮೇಲೆ ದಿನವೂ ಊಟದ ಬಿಡುವಿನಲ್ಲಿ ಬಂದು ನನ್ನ ಗಂಟು ಮುಟ್ಟಿ ನೋಡಿಯೇ ಹೋಗುತ್ತಿದ್ದಳು. ತಿಂಗಳ ಮೇಲೆ ಎದ್ದು ಕುಳಿತ ಉಮ್ಮ, "ನನಗೂ ಕಲಿಸು ಮಾರಾಯ್ತಿ" ಎಂದು ನನ್ನತ್ತ ಕೈಚಾಚಿದರು. ನಾನು ಉಮ್ಮನಿಗೆ ಪಾಠ ಹೇಳುವುದನ್ನು ನೋಡಿ ಯಲ್ಲವ್ವ ಸೆರಗು ಬಾಯಿಗಿಟ್ಟು ನಕ್ಕಳು.

ಮನೆ ಕಟ್ಟಿ ಮುಗಿಯಿತು. ಕೂಲಿಯವರು ತಂಗಿದ್ದ ತಗಡಿನ ಶೆಡ್ಡು ಬಿಚ್ಚಿ ಟೆಂಪೊಗೆ ಹಾಕಿದ ಬೆಳಿಗ್ಗೆ ಉಮ್ಮ ಅರ್ಧದಷ್ಟು ಲಂಗೋಟಿಗಳನ್ನು ಅವಳ ಕೂಸಿಗೆಂದು ಕಟ್ಟಿ ಕೊಟ್ಟರು. "ಇನ್ನು ಎಲ್ಲಿಗೆ?" ಎಂದರೆ "ಮಣಿಪಾಲದಾಗ ಕೆಲಸ ಅದ ಅಂತಾರ್ರಿ ಅಕ್ಕಾ" ಎಂದಳು. ಮುಂದೆ ನಾನು ಮಣಿಪಾಲದಲ್ಲಿ ಓದುವಾಗ ಏಳುತ್ತಿದ್ದ ಪ್ರತಿ ಕಟ್ಟಡದ ಬುಡದಲ್ಲೂ ಆ ಮುಖವನ್ನು ಹುಡುಕಿದೆ. ಸಿಗಲಿಲ್ಲ. ಈಗ ಉಮ್ಮನೂ ಇಲ್ಲ.

ಆ ಬೆಳಿಗ್ಗೆ ಹೊರಡುವ ಮುಂಚೆ ಯಲ್ಲವ್ವ ಉಮ್ಮನನ್ನು ಕೇಳಿ ಅನೀಸನನ್ನು ಎತ್ತಿಕೊಂಡಳು. ಒಣಗಿಯೇ ಇದ್ದ ಬಟ್ಟೆಯನ್ನು ಬಿಚ್ಚಿ, ಮತ್ತೆ ಮಡಚಿ, ನಿಧಾನವಾಗಿ ಕಟ್ಟಿ ಅವನನ್ನು ಉಮ್ಮನ ಕೈಗಿತ್ತಳು. ಟೆಂಪೊ ಹೋಯಿತು. ಸ್ವಲ್ಪ ಹೊತ್ತಿಗೆ ಮಗುವನ್ನು ಮೀಯಿಸಲೆಂದು ನಾನು ಗಂಟಿಗೆ ಕೈಹಾಕಿದೆ. ಉಮ್ಮ ನನ್ನ ಕೈ ಹಿಡಿದರು.

"ಇರಲಿ," ಎಂದರು, "ಒದ್ದೆಯಾಗುವವರೆಗೆ ಇರಲಿ."