ಅರವತ್ತು ಫ್ಯಾನು, ಇಪ್ಪತ್ತು ಹಲಗೆ

ಸಂಪಗಾಂವದ ಕಾಂತೇಶ ಹದಿನಾಲ್ಕು ವರ್ಷ ನಮ್ಮ ಬೈಲಹೊಂಗಲದ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹಂಗಾಮಿ ಬೋಧಕನಾಗಿದ್ದ. ಹಂಗಾಮಿ ಎಂದರೆ, ಪ್ರತಿ ಜೂನಿನಲ್ಲಿ ಹೊಸ ಅರ್ಜಿ ಬರೆದು, ಹೋದ ವರ್ಷವೂ ತಾನು ಇಲ್ಲೇ ಇದ್ದೆನೆಂದು ಸಂಸ್ಥೆಗೆ ವಿನಯದಿಂದ ನೆನಪಿಸುವುದು. ನಾನು ಅದೇ ಕಾಲೇಜಿನ ಕನ್ನಡ ಉಪನ್ಯಾಸಕ. ಖಾಯಂ ಆದವನು. ಆದ್ದರಿಂದ ಅವನ ಅರ್ಜಿಯ ಭಾಷೆಯನ್ನು ತಿದ್ದಿಕೊಡುವ ಔದಾರ್ಯ ನನಗಿತ್ತು.

ಕಾಂತೇಶ ಮಾತಿನವನಲ್ಲ. ಅವನ ಮಾತೆಲ್ಲ ಒಂದು ನೋಟುಬುಕ್ಕಿನಲ್ಲಿ ಇರುತ್ತಿತ್ತು. ಯಾವ ಕಂಪ್ಯೂಟರು, ಎಷ್ಟು ಹೊತ್ತು ನಡೆಯಿತು, ಒಳಗೆ ಎಷ್ಟು ಡಿಗ್ರಿ ಕಾವು, ಆಗ ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಎಲ್ಲಕ್ಕೂ ಗೆರೆ ಎಳೆದು ಮನೆ ಮಾಡಿದ್ದ. ಕಿಟಕಿಯ ಮನೆ ಖಾಲಿ ಉಳಿದರೆ ಆ ಸಾಲನ್ನೇ ಹೊಡೆದುಹಾಕುತ್ತಿದ್ದ.

ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರುಗಳಿದ್ದವು. ಬೇಸಿಗೆಯಲ್ಲಿ ಗಂಟೆ ಎರಡು ಗಂಟೆ ನಡೆದರೆ ಒಂದೊಂದಾಗಿ ತಾವೇ ಬಂದ್ ಆಗುತ್ತಿದ್ದವು. ಸಂಸ್ಥೆಯ ಅಧ್ಯಕ್ಷರ ಅರಳೆ ಜಿನ್ನಿಂಗ್ ಫ್ಯಾಕ್ಟರಿ ಕಾಲೇಜಿನ ಬೆನ್ನಿಗೇ ಇದೆ. ಅಲ್ಲಿಂದ ಹಾರಿ ಬರುವ ಹತ್ತಿಯ ಎಳೆಗಳು ಕಂಪ್ಯೂಟರಿನ ಹೊಟ್ಟೆಯೊಳಗೆ ಗಾದಿ ಹಾಸಿದಂತೆ ಕೂತಿರುತ್ತಿದ್ದವು.

ಆ ವರ್ಷ ಒಂದು ನೇಮಕಾತಿಯ ಆನ್‌ಲೈನ್ ಪರೀಕ್ಷೆಗೆ ನಮ್ಮ ಲ್ಯಾಬು ಕೇಂದ್ರವಾಗುವ ಮಾತು ಬಂತು. ಪ್ರಾಚಾರ್ಯ ಬಸಯ್ಯನವರು ಕಾಂತೇಶನನ್ನು ಕರೆದು, "ಪರೀಕ್ಷಾ ಒಂದ ಸುಸೂತ್ರ ಆಗ್ಲಿ ನೋಡು, ನಿನ್ನ ಖಾಯಂ ಆರ್ಡರ್‌ಗೆ ಅಧ್ಯಕ್ಷರ ಸಹಿ ನಾ ಮಾಡಸ್ತೇನಿ" ಎಂದರು. ಹದಿನಾಲ್ಕು ಅರ್ಜಿ ಬರೆದವನಿಗೆ ಹದಿನೈದನೆಯದು ಬೇಡವಾಗಿತ್ತು.

ಅವನು ಒಂದು ವಾರ ಏಳನೇ ನಂಬರಿನ ಕಂಪ್ಯೂಟರನ್ನು ಹಿಡಿದು ಕೂತ. ಇದ್ದ ಹಾಗೇ ಒಂದು ಗಂಟೆ ನಡೆಸಿದರೆ ಎಂಬತ್ತನಾಲ್ಕು ಡಿಗ್ರಿ. ಅರಳೆ, ಧೂಳು ತೆಗೆದ ಮೇಲೆ ಎಪ್ಪತ್ಮೂರು. ಮುಂದೊಂದು, ಹಿಂದೊಂದು ಹೆಚ್ಚಿನ ಫ್ಯಾನು ಕೂರಿಸಿದ ಮೇಲೆ ಅರವತ್ತೇಳು. ಮೂರನೆಯ ಫ್ಯಾನು ಹಾಕಿದ ಮೇಲೂ ಅರವತ್ತೇಳೇ. ಫ್ಯಾನು ಹಾಕಿದರೆ ಕಾವು ಇಳಿಯುತ್ತದೆಯೇ ಎಂದು ಸ್ಟಾಫ್ ರೂಮಿನಲ್ಲಿ ನಾವು ಮೂರು ದಿನ ವಾದ ಮಾಡಿದ್ದೆವು. ಅವನು ನೋಟುಬುಕ್ಕು ತಂದು ತೋರಿಸಿದ ಮೇಲೆ ನಮಗೆ ಆ ವಿಷಯದಲ್ಲಿ ಆಸಕ್ತಿಯೇ ಹೋಯಿತು.

ಅಧ್ಯಕ್ಷ ಶಂಕ್ರೆಪ್ಪ ಸಾವಕಾರರು ಫ್ಯಾನುಗಳನ್ನು ತಾವೇ ದಾನ ಕೊಡುವುದಾಗಿ ಹೇಳಿದರು.

"ಎರಡೆರಡ ಸಾಕ್ರಿ ಸಾವಕಾರ್ರ, ಮೂರನೇದ್ದರಿಂದ ಏನೂ ಇಳಿಯಂಗಿಲ್ರಿ" ಎಂದ ಕಾಂತೇಶ.

"ಕೊಡಾವ ನಾನೋ ನೀನೋ? ನಮ್ಮಪ್ಪ ಕೊಟ್ಟ ಫ್ಯಾನಿಗೆ ಮೂರ ಎಲಿ ಅದಾವಿಲ್ಲೋ? ಎರಡ ಸಾಕು ಅಂತ ಒಂದ ಕಿತ್ತ ಇಟ್ಟಾನೇನು?"

ಇಪ್ಪತ್ತಕ್ಕೆ ಅರವತ್ತು ಫ್ಯಾನು ಬಂದವು.

ಅವರ ತಂದೆಯ ಫ್ಯಾನುಗಳು ನಮ್ಮ ಸಭಾಗೃಹದ ಸೂರಿನಲ್ಲಿವೆ. ಪ್ರತಿ ಎಲೆಯ ಮೇಲೂ ಅವರ ಹೆಸರು ಬರೆಸಿದೆ. ಕರೆಂಟು ಹೋದಾಗ ಮಾತ್ರ ಓದಲು ಸಿಗುತ್ತದೆ. ಈ ಸಂಕಟ ಮಗನಿಗೆ ಚಿಕ್ಕಂದಿನಿಂದ ಇತ್ತು. ಈ ಸಲ ಹೆಸರು ತಿರುಗದ ಜಾಗದಲ್ಲೇ ಇರಬೇಕು, ಅದೂ ಕೂತವರ ಕಣ್ಣಿಗೆ ಬೀಳಬೇಕು ಎಂದು ತೀರ್ಮಾನವಾಯಿತು. ಕಂಪ್ಯೂಟರಿನ ಡಬ್ಬಿಯ ಮೋರೆಯ ಮೇಲೆ ಹಲಗೆ.

ಒಕ್ಕಣೆ ಬರೆದವನು ನಾನು. "ಸಂಸ್ಥೆಯ ಅಧ್ಯಕ್ಷರೂ, ಕೊಡುಗೈ ದಾನಿಗಳೂ, ವಿದ್ಯಾಪ್ರೇಮಿಗಳೂ ಆದ ಶ್ರೀ ಶಂಕ್ರೆಪ್ಪ ಸಾವಕಾರರು ವಿದ್ಯಾರ್ಥಿಗಳ ತಂಪಿಗಾಗಿ ನೀಡಿದ ಕೊಡುಗೆ." ಹಲಗೆ ಮಾಡುವವನು, ಇಷ್ಟು ಅಕ್ಷರ ಗೇಣುದ್ದದ ಹಲಗೆಯಲ್ಲಿ ಹಿಡಿಯುವುದಿಲ್ಲ, ವಿದ್ಯಾಪ್ರೇಮಿ ಒಂದನ್ನು ಬಿಡಿರಿ ಎಂದ. ನಾನು ಬಿಡಲಿಲ್ಲ. ಹಲಗೆಯೇ ದೊಡ್ಡದಾಯಿತು. ಡಬ್ಬಿಯ ಮುಂದೆ ಗಾಳಿ ಎಳೆದುಕೊಳ್ಳುವ ಜಾಲರಿ ಇರುತ್ತದಲ್ಲ, ಅದು ಪೂರ್ತಿ ಮುಚ್ಚುವಷ್ಟು.

ದಾನ ಒಪ್ಪಿಸುವ ಸಮಾರಂಭದಲ್ಲಿ ಕಾವಿನ ಲೆಕ್ಕ ಓದುವ ಕೆಲಸ ಕಾಂತೇಶನದಾಗಿತ್ತು. ಅದರ ಹಿಂದಿನ ದಿನ ಎರಡೂ ಬದಿ ಅಂಟಿರುವ ಟೇಪಿನಿಂದ ಇಪ್ಪತ್ತೂ ಹಲಗೆ ಹಚ್ಚಿದರು. ಸಂಜೆ ಕಾಂತೇಶ ನೋಟುಬುಕ್ಕು ಹಿಡಿದು ಪ್ರಾಚಾರ್ಯರ ಕೋಣೆಗೆ ಬಂದ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಹಲಗಿ ಹಚ್ಚಿದ ಮ್ಯಾಲೆ ಎಂಬತ್ತೆಂಟ ಆಗೇತ್ರಿ ಸರ. ಫ್ಯಾನ್ ಇಲ್ದಾಗಿನಕಿಂತ ಹೆಚ್ಚು."

"ಅಂದ್ರ ನಾಳೆ ಸ್ಟೇಜ್ ಮ್ಯಾಲೆ ಎಂಬತ್ತೆಂಟ ಅಂತ ಹೇಳಾಂವೇನು?" ಎಂದರು ಬಸಯ್ಯನವರು.

"ಹಲಗಿ ತಗದ್ರ ಅರವತ್ತೇಳ್ರಿ."

"ಹಂಗಾದ್ರ ಅರವತ್ತೇಳ ಅನ್ನು. ಸುಳ್ಳೇನಲ್ಲಲ್ಲ? ಕಾರ್ಯಕ್ರಮ ಮುಗೀಲಿ, ಹಲಗಿ ಗ್ವಾಡಿಗೆ ಹಚ್ಚೂಣಂತ."

ಲ್ಯಾಬ್ ಗುಡಿಸುವ ರಾಚವ್ವ ಕಪ್ಪು ತೆಗೆದುಕೊಂಡು ಹೋಗಲು ಬಂದಿದ್ದಳು. "ಮಾರಿಗೆ ಹಲಗಿ ಬಡದ್ರ ಮನುಷ್ಯಾಗರ ಉಸರಾಡಾಕ ಬರತೈತೇನ್ರಿ?" ಎಂದಳು. ಕಪ್ಪಿನಲ್ಲಿ ಇನ್ನೂ ಅರ್ಧ ಇದ್ದ ನನ್ನ ಚಹಾವನ್ನೂ ತೆಗೆದುಕೊಂಡು ಹೋದಳು.

ಮರುದಿನ ಕಾಂತೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ವೇದಿಕೆಯ ಮೇಲೆ, ಧೂಳು ತೆಗೆದದ್ದರಿಂದ ಇಳಿದ ಹನ್ನೊಂದು ಡಿಗ್ರಿಯನ್ನೂ ಫ್ಯಾನಿನ ಲೆಕ್ಕಕ್ಕೇ ಸೇರಿಸಿ, ದಾನಿಗಳ ಫ್ಯಾನಿನಿಂದ ಎಂಬತ್ತನಾಲ್ಕು ಇದ್ದದ್ದು ಅರವತ್ತೇಳಕ್ಕೆ ಇಳಿದಿದೆ ಎಂದು ಓದಿದ. ಸಾವಕಾರರು ಎದ್ದು ತಾವೇ ಅವನಿಗೆ ಶಾಲು ಹೊದಿಸಿದರು. ಓದಿದ ಹಾಳೆಗೆ ಬಸಯ್ಯನವರು ಅವನ ಸಹಿ ಹಾಕಿಸಿ ಫೈಲಿಗೆ ಸೇರಿಸಿದರು. ಕೆಳಗಿಳಿದು ಬಂದಾಗ ಅವನು ಶಾಲು ತೆಗೆದಿರಲಿಲ್ಲ. ನನ್ನ ಮುಖ ನೋಡದೆ, "ಸುಳ್ಳಂತೂ ಅಲ್ರಿ ಸರ" ಎಂದ. ನಾನು ಏನನ್ನೂ ಕೇಳಿರಲಿಲ್ಲ.

ಹಲಗೆ ಗೋಡೆಗೆ ಹೋಗಲಿಲ್ಲ. ಕಾಂತೇಶ ನಾಲ್ಕು ಸಲ ನೆನಪಿಸಿದ. ಪ್ರಾಚಾರ್ಯರು ನಾಲ್ಕೂ ಸಲ, "ಅವರ ಹೆಸರಿಗೆ ಕೈ ಹಚ್ಚಾವ್ರು ಯಾರು? ನೀ ಹಚ್ಚತಿ?" ಎಂದರು. ಅವನೂ ಹಚ್ಚಲಿಲ್ಲ. ಅರ್ಜಿಯ ಬದಲು ಆರ್ಡರು ಬರಬೇಕಾದ ಜೂನು ಹತ್ತಿರ ಬಂದಿತ್ತು.

ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ನಿಯಮದಂತೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ನಲವತ್ತನೇ ನಿಮಿಷಕ್ಕೆ ಮೂರು ಕಂಪ್ಯೂಟರು ಬಂದ್ ಆದವು, ಒಂದು ಗಂಟೆಯಾಗುವಷ್ಟರಲ್ಲಿ ಒಂಬತ್ತು. ಬೆಳಗಿನ ಮೊದಲ ಬಸ್ಸು ಹಿಡಿದು ರಾಮದುರ್ಗದಿಂದ, ಮುನವಳ್ಳಿಯಿಂದ ಬಂದಿದ್ದ ಹುಡುಗಿಯರು ಕಪ್ಪು ಪರದೆಯ ಮುಂದೆ ಕೈ ಕಟ್ಟಿಕೊಂಡು ಕೂತಿದ್ದರು. ಅವರ ಕಣ್ಣೆದುರಿಗೆ, ವಿದ್ಯಾರ್ಥಿಗಳ ತಂಪಿಗಾಗಿ ಎಂದು ನಾನು ಬರೆದ ಸಾಲಿತ್ತು. ಕೇಂದ್ರ ರದ್ದಾಯಿತು.

ವಿಚಾರಣೆಗೆ ಮೂರು ಜನರ ಸಮಿತಿ ಕೂತಿತು. ಬಸಯ್ಯನವರು, ಆಡಳಿತ ಮಂಡಳಿಯವರೊಬ್ಬರು ಮತ್ತು ನಾನು. ನಾನೇಕೆಂದರೆ ವರದಿ ಬರೆಯಲು ಭಾಷೆ ಬಲ್ಲವರು ಬೇಕಿತ್ತು.

"ಅರವತ್ತೇಳು ಅಂತ ನಿನ್ನ ಸಹಿ ಐತಿ" ಎಂದರು ಬಸಯ್ಯನವರು. "ಫ್ಯಾನ್ ಛಲೋ ಅದಾವು ಅಂತ ನೀನ ಬರಕೊಟ್ಟಿ. ಅಂದಮ್ಯಾಲೆ ತಪ್ಪು ಮೇಂಟೆನೆನ್ಸ್‌ದ್ದು. ಅದೂ ನಿಂದ."

"ಒಂದ ಹಲಗಿ ತಗೀರಿ ಸರ. ಏಳನೇ ನಂಬರಿಂದು. ಒಂದ ತಾಸು ನಡಸ್ತೇನಿ, ಎಲ್ಲಾರೂ ಕಣ್ಣಿಂದ ನೋಡ್ರಿ." ನೋಟುಬುಕ್ಕನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಎಂಬತ್ತೆಂಟರ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದ. "ಹಲಗಿ ತಗದ ಮ್ಯಾಲೆ" ಎಂದಷ್ಟೇ ಬರೆದಿತ್ತು.

ಮೂವರೂ ಆ ಖಾಲಿ ಸಾಲನ್ನು ನೋಡಿದೆವು. ಮಂಡಳಿಯವರು ಗಡಿಯಾರ ನೋಡಿ, ಒಂದು ತಾಸು ಯಾರಿಗಿದೆ ಎಂದರು.

ಸೇವೆಯಿಂದ ಬಿಡುಗಡೆಯ ಪತ್ರ ನಾನೇ ಬರೆದೆ. ಅದರಲ್ಲಿ ಒಂದು ತಪ್ಪಕ್ಷರವಿಲ್ಲ.

ಜೂನಿನ ಕೊನೆಗೆ ರಾಚವ್ವ ಸ್ಟಾಫ್ ರೂಮಿಗೆ ಬಂದು, "ಏಳನೇ ನಂಬರಿನ ಹಲಗಿ ತಾನ ಬಿದ್ದೈತ್ರಿ, ಕಾವಿಗೆ ಟೇಪು ಕರಗೇತಿ" ಎಂದಳು. ಹೋಗಿ ನೋಡಿದೆ. ಬೆಳಗಿನಿಂದ ಅದರಲ್ಲಿ ಪ್ರವೇಶದ ಅರ್ಜಿಗಳನ್ನು ತುಂಬುತ್ತಿದ್ದರು. ಪರದೆಯ ಮೇಲೆ ಕಾವು ತೋರಿಸುವ ಕಿಂಡಿಯನ್ನು ಹೇಗೆ ತೆಗೆಯುವುದೆಂದು ಕಾಂತೇಶ ಒಮ್ಮೆ ಕಲಿಸಿದ್ದ. ತೆಗೆದೆ. ಅರವತ್ತೆಂಟು.

ಬಸಯ್ಯನವರಿಗೆ ಹೇಳಿದೆ. ಅವರು, "ಸಾವಕಾರ್ರು ಸೋಮವಾರ ಬರಾವ್ರದಾರ" ಎಂದರು. ಮಧ್ಯಾಹ್ನ ಬಡಿಗ ಬಂದು ಹಲಗೆಗೆ ನಾಲ್ಕು ಸ್ಕ್ರೂ ಹೊಡೆದ. ಸೊಟ್ಟ ಆಗದಂತೆ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಹಿಡಿದುಕೊಂಡೆ.

ಕಾಂತೇಶ ಈಗ ಕಿತ್ತೂರಿನಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಶ್ರಾವಣದಲ್ಲಿ ಆ ಕಡೆ ಹೋದಾಗ ಭೇಟಿಯಾದೆ. ಅಲ್ಲಿನ ಕಂಪ್ಯೂಟರಿನ ಒಂದು ಬದಿಯ ತಗಡನ್ನೇ ತೆಗೆದಿಟ್ಟಿದ್ದ. ನನಗೆ ಕುರ್ಚಿ ಕೊಟ್ಟ, ಚಹಾ ತರಿಸಿದ. ನೋಟುಬುಕ್ಕು ಕಾಗದದ ಕಟ್ಟುಗಳ ಪಕ್ಕದಲ್ಲಿತ್ತು.

"ನಿನ್ನ ಏಳನೇ ನಂಬರ್ ಹಲಗಿ ಬಿದ್ದಿತ್ತಪಾ" ಎಂದೆ. "ನಾನ ನೋಡಿದ್ನಿ. ಅರವತ್ತೆಂಟು."

ಅವನ ಕೈ ತಾನಾಗಿ ನೋಟುಬುಕ್ಕಿಗೆ ಹೋಯಿತು. ಖಾಲಿ ಸಾಲಿದ್ದ ಆ ಪುಟ ತೆರೆದ. ಪೆನ್ನಿನ ಮುಚ್ಚಳ ತೆಗೆದ.

"ಎಷ್ಟ ತಾಸು ನಡದಿತ್ರಿ ಸರ?"

"ಮುಂಜಾನಿಂದ. ಎರಡ ತಾಸಿನ ಮ್ಯಾಲೇನ ಆಗಿತ್ತು."

"ಕಿಡಕಿ ತಗದಿತ್ತೋ, ಮುಚ್ಚಿತ್ತೋ?"

ನೆನಪು ಮಾಡಿಕೊಂಡೆ. ಹಲಗೆಯ ಮೇಲಿನ ನನ್ನ ಮೂರು ಸಾಲು ಕಣ್ಣಿಗೆ ಬಂತು, ಅದರಲ್ಲಿ ಎರಡು ಕಡೆ ಇದ್ದ ಅಲ್ಪವಿರಾಮವೂ ಬಂತು. ಕಿಟಕಿ ಬರಲಿಲ್ಲ.

"ನೋಡಲಿಲ್ಲಪಾ" ಎಂದೆ.

"ಹಂಗಾದ್ರ ಬರಿಯಾಕ ಬರಂಗಿಲ್ರಿ ಸರ" ಎಂದು ಪೆನ್ನಿಗೆ ಮುಚ್ಚಳ ಹಾಕಿ, ಬಾಗಿಲಲ್ಲಿ ನಿಂತವರ ಕೈಯಿಂದ ಆಧಾರ್ ಕಾರ್ಡು ತೆಗೆದುಕೊಂಡು, ಎಷ್ಟು ಪ್ರತಿ ಬೇಕೆಂದು ಕೇಳಿದ.